ಬದಲಿಸಬಾರದ ವಾಕ್ಯಗಳು

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಮೊದಲ ವರ್ಷಗಳಲ್ಲಿ ಮಧ್ಯಾಹ್ನಗಳನ್ನು ಹೇಗೆ ಕಳೆಯಬೇಕೆಂದೇ ನನಗೆ ತಿಳಿಯುತ್ತಿರಲಿಲ್ಲ. ಗಂಡ ಬೆಳಿಗ್ಗೆ ಪಿಂಪರಿಯ ಕಾರ್ಖಾನೆಗೆ ಹೋದರೆ ಸಂಜೆಯೇ ಬರುವುದು. ಮರಾಠಿ ಆಗಿನ್ನೂ ಬಾಯಿಗೆ ಹತ್ತಿರಲಿಲ್ಲ. ಹಾಗಿರುವಾಗ ಊರಿನ ಕ್ಯಾಂಪ್ ಎಂಬ ಭಾಗದಲ್ಲಿ ಒಂದು ಅನುವಾದದ ಕಚೇರಿ ಇದೆ, ಕನ್ನಡ ಬರೆಯುವವರು ಬೇಕಂತೆ ಎಂದು ಯಾರೋ ಹೇಳಿದರು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ಕಚೇರಿ. ನೀರೆತ್ತುವ ಪಂಪಿನ ಕೈಪಿಡಿ, ಬೀಜದ ಪೊಟ್ಟಣದ ಮೇಲಿನ ಬರಹ, ಹೊಲಿಗೆ ಯಂತ್ರ ಕೆಟ್ಟರೆ ಏನು ಮಾಡಬೇಕೆಂಬ ಸೂಚನೆ, ಇಂಥವನ್ನು ಮನೆಗೆ ತಂದು ಗೆರೆ ಹಾಳೆಯ ಮೇಲೆ ಕೈಯಿಂದ ಬರೆದು ಕೊಡುತ್ತಿದ್ದೆ. ತೊಂಬತ್ತರ ದಶಕ ಹೀಗೆಯೇ ಮುಗಿಯಿತು.

ಆಮೇಲೆ ಕಚೇರಿಯವರು ಕಂಪ್ಯೂಟರ್ ಕೇಳತೊಡಗಿದರು. ನಾವು ಹೇಗೋ ಒಂದನ್ನು ಕೊಂಡೆವು. ಅದಾದ ಮೇಲೆ ಬರೀ ಕಂಪ್ಯೂಟರ್ ಸಾಲದು, ಅನುವಾದಕ್ಕೆಂದೇ ಇರುವ ತಂತ್ರಾಂಶ ಬೇಕೆಂದರು. ಅದನ್ನು ಕೊಳ್ಳುವುದು ನನ್ನಂಥವಳ ಕೈಲಾಗುವ ಮಾತಾಗಿರಲಿಲ್ಲ. ಅದೇ ಕಚೇರಿಗೆ ಮರಾಠಿ ಅನುವಾದ ಮಾಡುತ್ತಿದ್ದ ಒಬ್ಬ ಗೆಳತಿ ನನಗಿದ್ದಳು. ನನಗಿಂತ ಹಿರಿಯಳು, ಅದಕ್ಕಿಂತ ಹೆಚ್ಚು ಧೈರ್ಯದವಳು. ಒಂದು ದಿನ ಅವಳು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದಿದ್ದ ಸಿ.ಡಿ. ಹಿಡಿದು ಮನೆಗೆ ಬಂದಳು. "ಫುಕಟ್ ಆಹೇ, ಪಣ್ ಚಾಂಗ್ಲಂ ಆಹೇ" ಎಂದಳು. ಪುಕ್ಕಟೆಯದು, ಆದರೂ ಒಳ್ಳೆಯದು ಎಂದು.

ಪುಕ್ಕಟೆ ಎಂದರೆ ಕದ್ದದ್ದಲ್ಲ. ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ಬರುವವರು ಬಿಚ್ಚಿ ತಿದ್ದಬಹುದು ಎಂದು ಅದನ್ನು ಮಾಡಿದವರೇ ಬರೆದಿದ್ದರು. ಅದು ಇಂಗ್ಲಿಷ್ ಬರಹವನ್ನು ವಾಕ್ಯವಾಕ್ಯವಾಗಿ ಬಿಡಿಸಿ ತೋರಿಸುತ್ತಿತ್ತು. ಒಂದೊಂದರ ಕೆಳಗೂ ಕನ್ನಡ ಬರೆಯುತ್ತ ಹೋಗಬೇಕು. ಬರೆದದ್ದನ್ನೆಲ್ಲ ಅದು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಮುಂದೆ ಎಂದಾದರೂ ಅಂಥದೇ ವಾಕ್ಯ ಬಂದರೆ, 'ಇದನ್ನು ಹಿಂದೆ ಹೀಗೆ ಬರೆದಿದ್ದೆ' ಎಂದು ಬದಿಯಲ್ಲಿ ಎತ್ತಿ ತೋರಿಸುತ್ತದೆ. ಪಂಪಿನ ಕೈಪಿಡಿಗಳಲ್ಲಿ 'ಮೊದಲು ವಿದ್ಯುತ್ ಸಂಪರ್ಕ ತೆಗೆಯಿರಿ' ಎಂದು ಎಷ್ಟು ಸಲ ಬರೆದಿದ್ದೆನೋ! ಇನ್ನು ಬರೆಯಬೇಕಾಗಿಲ್ಲ ಎಂದು ನನಗೆ ಬಹಳ ಖುಷಿಯಾಯಿತು.

ಕನ್ನಡವೇ ಮೊದಲು ತೊಂದರೆ ಕೊಟ್ಟಿತು. ಒತ್ತಕ್ಷರಗಳು ಅಕ್ಷರದ ಕೆಳಗೆ ಕೂರದೆ ಬದಿಗೆ ಜಾರಿ ಬಿದ್ದಿರುತ್ತಿದ್ದವು. 'ಸ್ತ್ರೀ' ಎಂದು ಬರೆದರೆ ಮೂರು ತುಂಡು. ಗೆಳತಿ ವಿಂಡೋಸನ್ನು ಹೊಸದಾಗಿ ಹಾಕಿಸಿ ನೋಡಿದಳು, ಫಾಂಟು ಬದಲಿಸಿದಳು. ಏನೂ ಆಗದಾಗ ಆ ತಂತ್ರಾಂಶ ಮಾಡಿದವರ ಇಮೇಲ್ ಗುಂಪಿಗೆ ನನ್ನ ಹರಕು ಇಂಗ್ಲಿಷಿನಲ್ಲಿ ಬರೆದೆ. ಯಾವುದೋ ದೇಶದ, ಕನ್ನಡದ ಹೆಸರನ್ನೂ ಕೇಳಿರದ ಒಬ್ಬಾತ ಉತ್ತರ ಬರೆದ. ನನ್ನಿಂದ ಪರದೆಯ ಚಿತ್ರ ತರಿಸಿಕೊಂಡ, ಇದನ್ನು ಮಾಡಿ ನೋಡಿ, ಅದನ್ನು ಮಾಡಿ ನೋಡಿ ಎಂದ. ಮುಂದಿನ ಆವೃತ್ತಿಯಲ್ಲಿ ಒತ್ತುಗಳು ತಮ್ಮ ಜಾಗದಲ್ಲಿ ಕೂತಿದ್ದವು. ಅವತ್ತು ಗಂಡನನ್ನು ಕರೆದು ಪರದೆ ತೋರಿಸಿದೆ. "ಕೇಳಿದ್ರ ಮಾಡಿ ಕೊಡ್ತಾರಲ್ಲಾ, ಭಾಳ ಛಲೋ ಮಂದಿ ಇದ್ದಾರ" ಎಂದರು. ನನಗೂ ಹಾಗೇ ಅನ್ನಿಸಿತು. ಕೇಳಿದರೆ ಆಗುತ್ತದೆ ಎಂದುಕೊಂಡೆ.

ಕೆಲ ವರ್ಷಗಳಲ್ಲಿ ಕಚೇರಿಗೆ ಬೇರೆ ಬಗೆಯ ಕೆಲಸ ಬರತೊಡಗಿತು. ಔಷಧ ಕಂಪನಿಗಳು ಹೊಸ ಮದ್ದನ್ನು ರೋಗಿಗಳ ಮೇಲೆ ಪರೀಕ್ಷಿಸುವ ಮೊದಲು ಅವರ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆಯ ಕಾಗದ ಅವರವರ ಭಾಷೆಯಲ್ಲಿರಬೇಕು. ಮರಾಠಿಯದು ಗೆಳತಿಗೆ, ಕನ್ನಡದ್ದು ನನಗೆ. ನನ್ನ ಕಾಗದಗಳು ಹೆಚ್ಚಾಗಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಿಗೆ ಹೋಗುತ್ತಿದ್ದವು. ಯಾರು ಓದುತ್ತಾರೆಂದು ನಾನು ಕಂಡವಳಲ್ಲ.

ಆ ಕಾಗದದಲ್ಲಿ ಯಾವಾಗಲೂ ಒಂದು ಮಾತು ಇರುತ್ತಿತ್ತು. ಕೆಲವು ರೋಗಿಗಳಿಗೆ ಹೊಸ ಔಷಧ ಕೊಡುತ್ತಾರೆ, ಕೆಲವರಿಗೆ ನೋಡಲು ಹಾಗೇ ಇರುವ, ಒಳಗೆ ಔಷಧವಿಲ್ಲದ ಗುಳಿಗೆ ಕೊಡುತ್ತಾರೆ. ಯಾರಿಗೆ ಯಾವುದು ಎಂದು ಯಾರೂ ಆರಿಸುವುದಿಲ್ಲ. ಇದನ್ನು ನಾನು ಮೊದಲ ಸಲ ಬರೆದಾಗ 'ಚೀಟಿ ಎತ್ತಿದ ಹಾಗೆ' ಎಂದು ಬರೆದಿದ್ದೆ. ಆದರೆ ನನ್ನ ಕನ್ನಡವನ್ನು ಇನ್ನೊಬ್ಬರು ಇಂಗ್ಲಿಷಿಗೆ ಮರಳಿ ಅನುವಾದ ಮಾಡುತ್ತಿದ್ದರು. ಅದು ಮೂಲಕ್ಕೆ ಸರಿಹೊಂದದಿದ್ದರೆ ಕನ್ನಡವನ್ನು ತಿದ್ದುತ್ತಿದ್ದರು. ಮೂಲದಲ್ಲಿ ಚೀಟಿ ಎಲ್ಲಿದೆ ಎಂದು ಕಂಪನಿಯವರು ಕೇಳಿದರಂತೆ. ತಿದ್ದಿ ಬಂದ ವಾಕ್ಯ ಹೀಗಿತ್ತು: 'ಪಾಲ್ಗೊಳ್ಳುವವರನ್ನು ಯಾದೃಚ್ಛಿಕವಾಗಿ ಎರಡು ಚಿಕಿತ್ಸಾ ಗುಂಪುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು.'

ಇಂಥ ಪರೀಕ್ಷೆಗಳನ್ನು ಪರಿಶೀಲಿಸುವ ಆಸ್ಪತ್ರೆಯ ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕಚೇರಿ ಅಂಥ ವಾಕ್ಯಗಳನ್ನೆಲ್ಲ ಮೆಮೊರಿ ಫೈಲಿಗೆ ಸೇರಿಸಿ ಕಳಿಸಿತು. ಮುಂದಿನ ಕೆಲಸ ತೆರೆದರೆ ಆ ಜಾಗದಲ್ಲಿ ಆ ವಾಕ್ಯ ಮೊದಲೇ ತುಂಬಿರುತ್ತಿತ್ತು. ಜೊತೆಗೆ ಕಚೇರಿಯ ಸೂಚನೆ: ಒಪ್ಪಿಗೆಯಾದ ವಾಕ್ಯಗಳನ್ನು ಮುಟ್ಟಬೇಡಿ. ನಾನು ಎಂಟರ್ ಒತ್ತಿ ಮುಂದೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಕಚೇರಿಯಿಂದ ಫೋನು ಬಂತು. ನಮಗೆ ಕೆಲಸ ಹಂಚುತ್ತಿದ್ದ, ಬೆಂಗಳೂರು ಕಡೆಯ ಹುಡುಗಿ ಮಾತಾಡಿದಳು. ಪುಣೆಯದೇ ಒಂದು ಆಸ್ಪತ್ರೆಯಲ್ಲಿ ಒಬ್ಬ ಕನ್ನಡದ ರೋಗಿ ಇದ್ದಾನೆ, ಲಕ್ವ ಹೊಡೆದು ಮಾತು ನಿಂತಿದೆ. ಅವನ ಹೆಂಡತಿಯ ಒಪ್ಪಿಗೆ ಬೇಕು, ಅವಳಿಗೆ ಓದು ಬರಹವಿಲ್ಲ. ಆಸ್ಪತ್ರೆಗೆ ಸಂಬಂಧಪಡದ ಒಬ್ಬರು ಓದಿ ಹೇಳಿ ಸಾಕ್ಷಿ ಸಹಿ ಹಾಕಬೇಕು. "ನೀವು ಹೋಗಿ ಬರ್ತೀರಾ ಮೇಡಂ? ಅಲ್ಲಿ ಯಾರಿಗೂ ಕನ್ನಡ ಬರಲ್ಲ."

ಹೋದೆ. ಲಕ್ವದ ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವಳು ಕೂತಿದ್ದಳು. ನನಗಿಂತ ಚಿಕ್ಕವಳು. ಕಾಲಬೆರಳುಗಳ ಸಂದಿಯಲ್ಲಿ ಸಿಮೆಂಟು ಇನ್ನೂ ಅಂಟಿತ್ತು. ಯಾದಗಿರಿ ಕಡೆಯವರು. ಪುಣೆಯ ಅಂಚಿನ ವಾಕಡದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಗಂಡ ಗೌಂಡಿ, ಇವಳು ಅವನ ಕೈಕೆಳಗೆ ಇಟ್ಟಿಗೆ, ಗಾರೆ ಹೊರುವವಳು. ಗಂಡ ಗೋಡೆಗೆ ಪ್ಲಾಸ್ಟರ್ ಮಾಡುತ್ತಿದ್ದವನು ಹಾಗೇ ಒಂದು ಬದಿಗೆ ವಾಲಿ ಕುಸಿದನಂತೆ. ಕೂಲಿಯವರ ಮೇಲ್ವಿಚಾರಕ ಮುಕ್ಕದಮ ಟೆಂಪೋದಲ್ಲಿ ಹಾಕಿಕೊಂಡು ಬಂದು ಇಲ್ಲಿ ಬಿಟ್ಟು ಹೋಗಿದ್ದ. ನಾನು "ಯಾವೂರವಾ ನಿಮ್ದು?" ಎಂದು ಕೇಳಿದ್ದೇ ತಡ, ಅವಳು ನನ್ನ ಮೊಣಕೈ ಹಿಡಿದುಕೊಂಡಳು.

"ಯಕ್ಕಾ, ಕನ್ನಡ ಮಾತಾಡ್ತೀರಿ! ಬಂದಾಗಿಂದ ಇವ್ರೆಲ್ಲಾ ಏನೇನೋ ಹೇಳ್ಲಿಕತ್ತಾರ್ರಿ, ನಂಗೊಂದೂ ತಿಳೀವಲ್ದು."

ಕಾಗದ ತಂದವಳು ಆಸ್ಪತ್ರೆಯ ಸಂಶೋಧನೆಯ ಕೆಲಸ ನೋಡಿಕೊಳ್ಳುವ ಮರಾಠಿ ಹುಡುಗಿ. ಮೃದು ಮಾತಿನವಳು. ನಮ್ಮಿಬ್ಬರನ್ನೂ ಒಂದು ಚಿಕ್ಕ ಕೋಣೆಗೆ ಕರೆದೊಯ್ದು ಕೂರಿಸಿದಳು. ಕನ್ನಡದ ಹಾಳೆಗಳನ್ನು ನನ್ನ ಕೈಗೆ ಕೊಟ್ಟಾಗ ಮೊದಲ ಸಾಲಿನಲ್ಲೇ ಗುರುತು ಸಿಕ್ಕಿತು. ನಾನು ಮಾಡಿದ್ದೇ. ಬೆಂಗಳೂರಿಗೆಂದು ಹೋದದ್ದು ಇಲ್ಲಿಗೂ ಬಂದಿತ್ತು.

"ಮೊದಲು ಪೂರ್ತಿ ಇದ್ದ ಹಾಗೇ ಓದಿ. ಅವರು ಏನಾದರೂ ಕೇಳಿದರೆ ನನಗೆ ಹೇಳಿ, ನಾನು ಉತ್ತರ ಕೊಡುತ್ತೇನೆ. ನಿಮ್ಮದು ಅಂತ ಏನೂ ಸೇರಿಸಬೇಡಿ, ಪ್ಲೀಸ್" ಎಂದು ಆ ಹುಡುಗಿ ಮರಾಠಿಯಲ್ಲಿ ಹೇಳಿದಳು.

ಓದತೊಡಗಿದೆ. ನನ್ನ ದನಿ ನನಗೇ ರೇಡಿಯೋದಲ್ಲಿ ವಾರ್ತೆ ಓದಿದಂತೆ ಕೇಳುತ್ತಿತ್ತು. ಅವಳು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದಳು. 'ಯಾದೃಚ್ಛಿಕವಾಗಿ' ಎಂಬಲ್ಲಿಗೆ ಬಂದಾಗ ನಾನೇ ತಡವರಿಸಿದೆ. ಅಷ್ಟು ಸಲ ಎಂಟರ್ ಒತ್ತಿ ದಾಟಿದ ಪದ, ಒಮ್ಮೆಯೂ ಬಾಯಿಬಿಟ್ಟು ಅಂದಿರಲಿಲ್ಲ. ಪುಟ ಮುಗಿಸಿ ತಲೆ ಎತ್ತಿದೆ.

"ಯಕ್ಕಾ," ಎಂದಳು ಅವಳು ಮೆಲ್ಲಗೆ, "ಇದು ಯಾವ ಭಾಷಿರಿ?"

"ಕನ್ನಡ ಅದವಾ."

"ಹೌದೇನ್ರಿ?" ಎಂದು ಹಾಳೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ತನ್ನದೇ ತಪ್ಪು ಎಂಬಂತೆ ಸೆರಗು ಸರಿಮಾಡಿಕೊಂಡಳು.

ಅವರಿಗೆ ಅರ್ಥವಾಗಿಲ್ಲ, ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕು ಎಂದು ಹುಡುಗಿಗೆ ಹೇಳಿದೆ. ಅವಳು ಬಾಗಿಲ ಕಡೆ ನೋಡಿ, ಸ್ವಲ್ಪ ಯೋಚಿಸಿ, "ಕಾಗದದಲ್ಲಿ ಇರುವಷ್ಟೇ ಹೇಳಿ" ಎಂದಳು. ಹೇಳಿದೆ. ನಿನ್ನ ಗಂಡನಿಗೆ ಈಗ ಏನು ಔಷಧ ನಡೆದಿದೆಯೋ ಅದು ನಡೆದೇ ಇರುತ್ತದೆ. ಅದರ ಜೊತೆ ಇನ್ನೊಂದು ಹೊಸ ಗುಳಿಗೆ ಇದೆ, ಅದರಿಂದ ಗುಣವಾಗುತ್ತದೋ ಇಲ್ಲವೋ ನೋಡುತ್ತಿದ್ದಾರೆ. ಆ ಗುಳಿಗೆ ಕೆಲವರಿಗೆ ಕೊಡುತ್ತಾರೆ. ಕೆಲವರಿಗೆ ಅದರ ಹಾಗೇ ಕಾಣುವ, ಮದ್ದಿಲ್ಲದ ಗುಳಿಗೆ ಕೊಡುತ್ತಾರೆ. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ. ನೀನು ಬೇಡವೆಂದರೂ ಈಗಿನ ಔಷಧ ನಿಲ್ಲಿಸುವುದಿಲ್ಲ.

"ಚೀಟಿ ಯಾರ್ ಎತ್ತತಾರ್ರಿ? ನಾ ಎತ್ತಲೇನು?"

"ಇಲ್ಲವಾ. ಕಂಪ್ಯೂಟರ್ ಎತ್ತತದ."

"ಖರೇ ಗುಳಿಗಿ ಕೈಯಾಗ ಇದ್ದಾಗ ಸುಳ್ಳ ಗುಳಿಗಿ ಯಾಕ ಕೊಡ್ತಾರ?"

ಹುಡುಗಿಗೆ ಮರಾಠಿಯಲ್ಲಿ ಕೇಳಿದೆ. ಹೋಲಿಸಿ ನೋಡದೆ ಔಷಧದ ಗುಣ ತಿಳಿಯುವುದಿಲ್ಲ ಎಂದಳು. ಅದನ್ನು ಕನ್ನಡಕ್ಕೆ ತಂದೆ. ಅವಳು ಕೇಳಿಸಿಕೊಂಡಳು, ಆದರೆ ಅದು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ನನಗೂ ಅದು ಗೊತ್ತಿತ್ತು. ಅವಳು ನನ್ನ ಕಡೆ ವಾಲಿದಳು.

"ಇವ್ರ ಜಾಗಾದಾಗ ನಿಮ್ಮ ಮನಿಯವ್ರ ಇದ್ದಿದ್ರ ಏನ್ ಮಾಡ್ತಿದ್ರಿ ಯಕ್ಕಾ?"

ಹುಡುಗಿಗೆ ಕನ್ನಡ ಬರದಿದ್ದರೂ ಈ ಪ್ರಶ್ನೆ ಯಾವುದೆಂದು ತಿಳಿಯಿತು. ಬೇಡವೆಂಬಂತೆ ಮೆಲ್ಲಗೆ ತಲೆಯಾಡಿಸಿದಳು.

"ಅದನ್ನ ನಾ ಹೇಳ್ಲಿಕ್ಕೆ ಬರಂಗಿಲ್ಲವಾ."

"ಓದ್ಲಿಕ್ಕೆ ಬರ್ತದ, ಹೇಳ್ಲಿಕ್ಕೆ ಬರಂಗಿಲ್ಲೇನ್ರಿ?"

ಹೇಳಬಾರದೆಂಬ ನಿಯಮವಿತ್ತು, ಸರಿ. ಆದರೆ ನಿಯಮವಿಲ್ಲದಿದ್ದರೂ ಏನೆಂದು ಹೇಳುತ್ತಿದ್ದೆ? ಆ ಔಷಧದ ಬಗ್ಗೆ ಅಷ್ಟು ಪುಟ ಬರೆದಿದ್ದೆ, ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಮೂಲ ಬರೆದವರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಅಲ್ಲವೇ ಇದೆಲ್ಲ?

ಊರಲ್ಲಿರುವ ಅಣ್ಣನನ್ನು ಕೇಳಬೇಕು ಎಂದಳು. ನನ್ನ ಮೊಬೈಲಿನಿಂದ ಊರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿಕೊಟ್ಟೆ. ಅಣ್ಣನನ್ನು ಕರೆಸುವವರೆಗೆ ಕಾದೆವು. ಅವಳು ಹೇಳಿದ್ದನ್ನೆಲ್ಲ ಕೇಳಿ ಅವನು, ದೊಡ್ಡ ದವಾಖಾನಿ, ಡಾಕ್ಟರು ಹೇಳಿದ ಹಾಗೆ ಮಾಡು ಎಂದನಂತೆ. ಡಾಕ್ಟರು ಏನೂ ಹೇಳಿಲ್ಲ, ನಿನ್ನನ್ನೇ ಕೇಳುತ್ತಿದ್ದಾರೆ ಎಂದು ನಾನು ಹೇಳಬೇಕಿತ್ತೇನೋ. ಅಷ್ಟರಲ್ಲಿ ಅವಳು ಹೆಬ್ಬೆಟ್ಟು ಮುಂದೆ ಮಾಡಿದ್ದಳು. ಹುಡುಗಿ ಇಂಕಿನ ಡಬ್ಬಿ ತೆರೆದಳು. ಅವಳ ಗುರುತಿನ ಕೆಳಗೆ ನಾನು ಸಾಕ್ಷಿ ಸಹಿ ಹಾಕಿದೆ.

ಹೋಗುವ ಮುನ್ನ ಅವಳು ನನ್ನನ್ನು ಗಂಡನ ಹತ್ತಿರ ಕರೆದೊಯ್ದಳು. ಗಟ್ಟಿಮುಟ್ಟಾದ ಆಳು. ಬಾಯಿ ಒಂದು ಬದಿಗೆ ಎಳೆದುಕೊಂಡಿತ್ತು, ಬಲಗೈ ಹೊದಿಕೆಯ ಮೇಲೆ ಯಾರೋ ಇಟ್ಟು ಹೋದಂತೆ ಬಿದ್ದಿತ್ತು. "ನಮ್ಮೂರ ಕಡ್ಯಾರ ಬಂದಾರ ನೋಡ್ರಿ" ಎಂದಳು. ಅವನು ನೋಡಿದ. ಏನೋ ಹೇಳಲು ಹೋದ, ದನಿ ಮಾತ್ರ ಬಂತು.

ಮನೆಗೆ ಬಂದು ಮರುದಿನ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತೆ. ಆ ಕಾಗದವನ್ನು ತೆರೆದು ಮುಟ್ಟಬಾರದ ವಾಕ್ಯಗಳನ್ನೆಲ್ಲ ಹೊಸದಾಗಿ ಬರೆದೆ. ತಂತ್ರಾಂಶ ಏನೂ ಅಡ್ಡಿ ಮಾಡಲಿಲ್ಲ. ಹಳೆಯದನ್ನು ಅಳಿಸಿದರೆ ಅಳಿಸಿಕೊಂಡಿತು, ಹೊಸದನ್ನು ಬರೆದರೆ ಇಟ್ಟುಕೊಂಡಿತು. ಅದನ್ನು ಕಚೇರಿಗೆ ಕಳಿಸಿ, ಯಾಕೆ ಬದಲಿಸಿದೆ ಎಂದು ಉದ್ದಕ್ಕೆ ಬರೆದೆ.

ಕೆಲಸ ಹಂಚುವ ಹುಡುಗಿ ಫೋನು ಮಾಡಿದಳು. "ನಿಮ್ಮದು ಓದೋಕೆ ಚೆನ್ನಾಗಿದೆ ಮೇಡಂ, ನಿಜವಾಗಲೂ. ಆದರೆ ಅದು ಅಪ್ರೂವ್ ಆಗಿರೋ ಟೆಕ್ಸ್ಟ್, ನಮ್ಮ ಕೈಲಿಲ್ಲ." ಯಾರ ಕೈಲಿದೆ ಎಂದೆ. ಸರ್ ಅವರನ್ನು ಕೇಳಿ ಎಂದಳು. ಕ್ಯಾಂಪಿಗೆ ಹೋದೆ. ಕಚೇರಿಯ ಯಜಮಾನರು ಚಹಾ ತರಿಸಿದರು, ಪೂರ್ತಿ ಕೇಳಿಸಿಕೊಂಡರು. ವಯಸ್ಸಾದವರು, ಅವರೂ ಒಂದು ಕಾಲಕ್ಕೆ ಅನುವಾದಕರೇ. "ನೀವು ಹೇಳುವುದು ಸರಿ. ಆದರೆ ಒಂದು ವಾಕ್ಯ ಬದಲಾದರೆ ಅದು ಪುನಃ ಇಂಗ್ಲಿಷಿಗೆ ಹೋಗಬೇಕು, ಪುನಃ ಪ್ರತಿ ಊರಿನ ಸಮಿತಿಗೆ ಹೋಗಬೇಕು. ಕಂಪನಿ ಒಪ್ಪುವುದಿಲ್ಲ. ನಾನು ಕೇಳಿದರೆ ಕೆಲಸ ಬೇರೆಯವರಿಗೆ ಹೋಗುತ್ತದೆ, ವಾಕ್ಯ ಹಾಗೇ ಇರುತ್ತದೆ" ಎಂದರು. ಜಗಳವಾಡೋಣವೆಂದು ಹೋಗಿದ್ದೆ. ಎದುರಿಗಿದ್ದವರು ನನ್ನ ಮಾತನ್ನೇ ಒಪ್ಪಿಕೊಂಡು ಕೂತಿದ್ದರು.

ಗೆಳತಿಗೆ ಹೇಳಿದೆ. "ನನ್ನ ಮರಾಠಿ ವಾಕ್ಯವೂ ಅಂಥದ್ದೇ. ಯಾರೂ ಇದುವರೆಗೆ ನನ್ನನ್ನು ಕರೆದು ಓದಿಸಿಲ್ಲ, ಅಷ್ಟೇ" ಎಂದಳು.

ಆಸ್ಪತ್ರೆಗೆ ಮತ್ತೆ ಮತ್ತೆ ಹೋದೆ. ನನ್ನನ್ನು ಯಾರೂ ಕರೆದಿರಲಿಲ್ಲ. ಭಕ್ರಿ, ಪಲ್ಯ ಕಟ್ಟಿಕೊಂಡು ಹೋಗುತ್ತಿದ್ದೆ. ಅವನು ಎದ್ದು ಕೂರುವಷ್ಟಾಗಿದ್ದ. ಬಲಗೈ ಏಳುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಪ್ರತಿ ಸಲ ಅವಳು ನನ್ನನ್ನು ಕಾರಿಡಾರಿಗೆ ಕರೆದುಕೊಂಡು ಬಂದು ಅದನ್ನೇ ಕೇಳುತ್ತಿದ್ದಳು.

"ಯಕ್ಕಾ, ಇವ್ರಿಗೆ ಸಿಕ್ಕಿದ್ದು ಖರೇದೋ ಸುಳ್ಳೋ? ಅಷ್ಟ್ ಕೇಳಿ ಹೇಳ್ರಿ."

"ಅದು ಯಾರಿಗೂ ಗೊತ್ತಿಲ್ಲವಾ. ಡಾಕ್ಟರಿಗೂ ಗೊತ್ತಿರಂಗಿಲ್ಲ."

"ಡಾಕ್ಟರಿಗೇ ಗೊತ್ತಿಲ್ಲಂದ್ರ ಮತ್ಯಾರಿಗೆ ಗೊತ್ತದ?"

ಗುಳಿಗೆ ಕೊಡುವ ಡಾಕ್ಟರಿಗೂ ತಿಳಿಸುವುದಿಲ್ಲ ಎಂಬುದು ಕಾಗದದಲ್ಲಿತ್ತು. ನಾನೇ ಓದಿ ಹೇಳಿದ್ದೆ. ಅವಳು ಅದನ್ನು ನಂಬಲಿಲ್ಲ. ನಾನು ಅವರ ಕಡೆಯವಳು, ಗೊತ್ತಿದ್ದೂ ಹೇಳುತ್ತಿಲ್ಲ ಎಂದೇ ಅವಳಿಗೆ ಅನ್ನಿಸಿರಬೇಕು. ಒಂದು ದಿನ ನನ್ನ ಡಬ್ಬಿಯನ್ನು ತೊಳೆದು ಕೊಡುತ್ತ, "ನೀವೂ ಹೇಳಂಗಿಲ್ಲಲ್ರಿ" ಎಂದಳು. ಸಿಟ್ಟಿನಿಂದಲ್ಲ.

ಡಿಸ್ಚಾರ್ಜ್ ಆದಾಗ ಅಣ್ಣ ಬಂದು ಇಬ್ಬರನ್ನೂ ಊರಿಗೆ ಕರೆದುಕೊಂಡು ಹೋದ. ತಪಾಸಣೆಗೆ ಆಗಾಗ ಪುಣೆಗೆ ಬರಬೇಕಿತ್ತು. ಒಮ್ಮೆ ಬಂದರು, ಆಮೇಲೆ ಬರಲಿಲ್ಲ. ಆಸ್ಪತ್ರೆಯ ಮರಾಠಿ ಹುಡುಗಿ ನನಗೆ ಫೋನು ಮಾಡಿ, ದಯವಿಟ್ಟು ನೀವು ಹೇಳಿ, ಅವರು ಬಂದರೆ ಒಳ್ಳೆಯದು, ಡಾಕ್ಟರು ಕೈಕಾಲು ನೋಡುತ್ತಾರೆ ಎಂದಳು. ಅವಳ ದನಿಯಲ್ಲಿ ನಿಜವಾದ ಕಾಳಜಿಯಿತ್ತು. ಕಿರಾಣಿ ಅಂಗಡಿಗೆ ಫೋನು ಮಾಡಿ ಅವಳನ್ನು ಕರೆಸಿದೆ.

"ಬಂದ್ರ ಖರೇ ಗುಳಿಗಿ ಕೊಡ್ತಾರೇನ್ರಿ?" ಎಂದಳು.

"ಹಂಗಂತ ಹೇಳ್ಲಿಕ್ಕೆ ಆಗಂಗಿಲ್ಲವಾ. ಆದ್ರ ಬಂದು ತೋರಿಸ್ರಿ, ತಪಾಸಣಿ ಮಾಡ್ತಾರ."

"ಇವ್ರನ್ನ ರೈಲಿನ್ಯಾಗ ಹತ್ತಸೋದು ಇಳಸೋದು ನನ್ನ ಕೈಲಾಗಂಗಿಲ್ರಿ ಯಕ್ಕಾ. ಇಲ್ಲೇ ಎಣ್ಣಿ ಹಚ್ಚಿ ತಿಕ್ಕಲಿಕತ್ತೀವಿ."

ಬಲವಂತ ಮಾಡಲು ನನಗೆ ಬಾಯಿ ಬರಲಿಲ್ಲ. ಅವರು ಬರಲಿಲ್ಲ.

ಕಚೇರಿಯಿಂದ ಹೊಸ ಕಾಗದಗಳು ಬರುತ್ತಲೇ ಇದ್ದವು. ರಕ್ತದೊತ್ತಡದ್ದು, ಸಕ್ಕರೆ ಕಾಯಿಲೆಯದ್ದು. ತೆರೆದರೆ ಆ ವಾಕ್ಯ ತನ್ನ ಜಾಗದಲ್ಲಿ ಕೂತಿರುತ್ತಿತ್ತು. ಕೆಲವು ಸಲ ಅದನ್ನು ಅಳಿಸಿ ನನ್ನದನ್ನು ಬರೆದು ಕಳಿಸಿದೆ. ಅಲ್ಲಿ ಯಾರೋ ಹಳೆಯದನ್ನು ಮರಳಿ ಹಾಕುತ್ತಿದ್ದರು. ಇಮೇಲ್ ಗುಂಪಿನ ಆ ಅಪರಿಚಿತನನ್ನು ಇದಕ್ಕೂ ಏನಾದರೂ ದಾರಿ ಇದೆಯೇ ಎಂದು ಕೇಳಬೇಕೆನ್ನಿಸಿತ್ತು. ಆದರೆ ಅವನಿಗೆ ಏನೆಂದು ಬರೆಯುವುದು? ಅವನ ತಂತ್ರಾಂಶದಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಕೊನೆಗೆ ಔಷಧದ ಕಾಗದ ನನಗೆ ಬೇಡವೆಂದು ಕಚೇರಿಗೆ ತಿಳಿಸಿದೆ. ಬೇಸರವಿಲ್ಲದೆ ಒಪ್ಪಿದರು. ಬೆಂಗಳೂರಿನಲ್ಲಿ ಯಾರೋ ಸಿಕ್ಕರಂತೆ, ಅವರಿಗೆ ನನ್ನ ಮೆಮೊರಿ ಫೈಲು ಕಳಿಸಿದರಂತೆ. ನಾನು ಟ್ರ್ಯಾಕ್ಟರಿನ ಕೈಪಿಡಿಗಳಿಗೆ ಮರಳಿದೆ.

ಆ ಔಷಧದ ಪರೀಕ್ಷೆ ಏನಾಯಿತೋ ತಿಳಿಯಲಿಲ್ಲ. ಆಸ್ಪತ್ರೆಯ ಹುಡುಗಿಯನ್ನು ವಿಚಾರಿಸಿದೆ. ಫಲಿತಾಂಶ ಕಂಪನಿಗೆ ಹೋಗುತ್ತದೆ, ತನಗೂ ತಿಳಿಸುವುದಿಲ್ಲ ಎಂದಳು. ಸ್ವಲ್ಪ ದಿನಕ್ಕೆ ಅವಳೂ ಆ ಕೆಲಸ ಬಿಟ್ಟಳು.

ಯಾದಗಿರಿಯ ಕಡೆಯಿಂದ ಆಮೇಲೆ ಒಂದೇ ಒಂದು ಫೋನು ಬಂತು. ಅಣ್ಣ ಮೊಬೈಲ್ ಕೊಂಡಿದ್ದನಂತೆ, ಅದರಿಂದ ಅವಳು ಮಾಡಿದ್ದಳು. ಗಂಡ ಕೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಾನೆ, ಗಾರೆ ಮೆತ್ತುವ ಕರಣಿ ಹಿಡಿಯಲಾಗುವುದಿಲ್ಲ. ತಾನು ಊರಲ್ಲೇ ಹತ್ತಿ ಬಿಡಿಸಲು ಹೋಗುತ್ತೇನೆ ಎಂದಳು. ಈ ಸಲ ಗುಳಿಗೆಯ ಮಾತು ಎತ್ತಲಿಲ್ಲ. ಎತ್ತಲಿಲ್ಲವೆಂದು ನನಗೆ ಹಗುರಾಯಿತು. ಹಗುರಾಗಿದ್ದಕ್ಕೆ ನಾಚಿಕೆಯೂ ಆಯಿತು.

"ಅವರು ಮಾತಾಡ್ತಾರಂತ್ರಿ, ತಗೋರಿ" ಎಂದು ಫೋನನ್ನು ಅವನಿಗೆ ಕೊಟ್ಟಳು.

ಅವನು ಮಾತಾಡಿದ. ಬಹಳ ಹೊತ್ತು ಮಾತಾಡಿದ. ನಡುನಡುವೆ ನಿಂತು, ಉಸಿರು ಎಳೆದುಕೊಂಡು, ಮತ್ತೆ ಶುರುಮಾಡುತ್ತಿದ್ದ. ನನಗೆ ಒಂದು ಪದವೂ ಹಿಡಿತಕ್ಕೆ ಸಿಗಲಿಲ್ಲ. ಏನೋ ಕೇಳುತ್ತಿದ್ದಾನೆಂದು ಮಾತ್ರ ಕೊನೆಯಲ್ಲಿ ಏರಿದ ದನಿಯಿಂದ ತಿಳಿಯಿತು. ಇನ್ನೊಮ್ಮೆ ಹೇಳಿ ಎನ್ನಲು ಮನಸ್ಸಾಗಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದು, "ಹೌದ್ರಿ" ಎಂದೆ. ಸ್ವಲ್ಪ ತಡೆದು ಮತ್ತೆ, "ಹೌದ್ರಿ, ಆಗ್ಲಿರಿ" ಎಂದೆ. ಆ ಕಡೆ ಎಲ್ಲೋ ಆಡೊಂದು ಕೂಗುತ್ತಿತ್ತು. ಆಮೇಲೆ ಲೈನು ಕಡಿಯಿತು.